ಅಪಘಾತದ ಗಾಯಾಳುವಿಗೆ ತುರ್ತು ಅಲ್ಟ್ರಾಸೌಂಡ್: ವೈದ್ಯರ ಕೈ ಪಳಗಿದೆ ಎಂದು ತೀರ್ಮಾನಿಸುವುದು ಹೇಗೆ?

ಅಲ್ಟ್ರಾಸೌಂಡ್ ಯಂತ್ರ ಒಂದು ಕಾಲದಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯನ್ನು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅದರ ಚಿತ್ರವನ್ನು ಓದಿ ವರದಿ ಬರೆಯುತ್ತಿದ್ದವರು ಅದೇ ವಿಷಯದಲ್ಲಿ ವರ್ಷಗಟ್ಟಲೆ ತರಬೇತಿ ಪಡೆದ ರೇಡಿಯಾಲಜಿ ತಜ್ಞರು. ಈಗ ತಳ್ಳಿಕೊಂಡು ಹೋಗಬಹುದಾದ ಪುಟ್ಟ ಯಂತ್ರಗಳೂ, ಮೊಬೈಲ್ ಫೋನಿಗೆ ಜೋಡಿಸಿದರೆ ಚಿತ್ರ ಮೂಡಿಸುವ, ಅಂಗೈಯಲ್ಲಿ ಹಿಡಿಯುವ ಪ್ರೋಬ್‌ಗಳೂ ಬಂದಿವೆ. ಹೀಗಾಗಿ ಅಪಘಾತದಲ್ಲಿ ಗಾಯಗೊಂಡವರನ್ನು ಮೊದಲು ನೋಡುವ ತುರ್ತು ಚಿಕಿತ್ಸಾ ವೈದ್ಯರೇ, ಹಾಸಿಗೆಯ ಪಕ್ಕದಲ್ಲಿ ನಿಂತು, ಹೊಟ್ಟೆಯೊಳಗೆ ಅಥವಾ ಎದೆಯೊಳಗೆ ರಕ್ತ ಸೋರಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಗಾಯಾಳುವನ್ನು ನೇರವಾಗಿ ಆಪರೇಷನ್ ಥಿಯೇಟರಿಗೆ ಒಯ್ಯಬೇಕೇ, ಸಿ.ಟಿ. ಸ್ಕ್ಯಾನಿಗೆ ಕಳಿಸಬೇಕೇ, ಇನ್ನಷ್ಟು ಹೊತ್ತು ಗಮನಿಸಬೇಕೇ ಎಂಬ ತೀರ್ಮಾನದಲ್ಲಿ ಆ ನೋಟಕ್ಕೆ ದೊಡ್ಡ ಪಾತ್ರವಿದೆ.

ಯಂತ್ರ ಅಗ್ಗವಾದಷ್ಟು ಸುಲಭವಾಗಿ ಅದನ್ನು ಬಳಸುವ ಕೌಶಲ ಹರಡುವುದಿಲ್ಲ. ಒಬ್ಬ ವೈದ್ಯರು ಈ ಪರೀಕ್ಷೆಯನ್ನು ಯಾರ ಮೇಲ್ವಿಚಾರಣೆಯೂ ಇಲ್ಲದೆ, ತಾವೇ ಮಾಡಿ ತಾವೇ ತೀರ್ಮಾನಿಸುವ ಮಟ್ಟಕ್ಕೆ ಬಂದಿದ್ದಾರೆ ಎಂದು ಯಾರು, ಯಾವ ಆಧಾರದ ಮೇಲೆ ಹೇಳುತ್ತಾರೆ? ಇದನ್ನು ತಿಳಿಯಲು ಮೊದಲು ಪರೀಕ್ಷೆಯನ್ನೇ ತಿಳಿಯಬೇಕು. ವೈದ್ಯರು ಎಲ್ಲಿ ಎಡವುತ್ತಾರೆ ಎಂಬುದು ಗೊತ್ತಾಗದೆ, ಅವರನ್ನು ಅಳೆಯುವ ಕ್ರಮ ಏಕೆ ಹಾಗಿದೆ ಎಂಬುದು ಅರ್ಥವಾಗುವುದಿಲ್ಲ.

ಫಾಸ್ಟ್ ಪರೀಕ್ಷೆ ಕೇಳುವ ಪ್ರಶ್ನೆ

ಈ ಪರೀಕ್ಷೆಗೆ ಇಂಗ್ಲಿಷಿನಲ್ಲಿ ‘ಫೋಕಸ್ಡ್ ಅಸೆಸ್‌ಮೆಂಟ್ ವಿತ್ ಸೋನೋಗ್ರಫಿ ಫಾರ್ ಟ್ರಾಮಾ’ ಎಂದು ಹೆಸರು. ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ‘ಫಾಸ್ಟ್’ ಎನ್ನುತ್ತಾರೆ. ಅಪಘಾತದ ಗಾಯಾಳುಗಳಲ್ಲಿ ಅಲ್ಟ್ರಾಸೌಂಡ್ ಬಳಕೆ 1970ರ ದಶಕದಲ್ಲೇ ಯುರೋಪಿನಲ್ಲಿ ಆರಂಭವಾಗಿತ್ತು. ಅದಕ್ಕೂ ಮೊದಲು, 1965ರಿಂದ, ಹೊಟ್ಟೆಗೆ ಸಣ್ಣ ಗಾಯ ಮಾಡಿ, ನಳಿಕೆ ತೂರಿಸಿ, ದ್ರವ ಹಾಯಿಸಿ, ಹೊರಬಂದ ದ್ರವದಲ್ಲಿ ರಕ್ತವಿದೆಯೇ ಎಂದು ನೋಡುವ ವಿಧಾನ ಬಳಕೆಗೆ ಬಂದಿತ್ತು. ಅಲ್ಟ್ರಾಸೌಂಡಿಗೆ ಗಾಯ ಮಾಡಬೇಕಿಲ್ಲ, ವಿಕಿರಣದ ಹಂಗಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಆದ್ದರಿಂದ 1990ರ ದಶಕದಲ್ಲಿ ಅದು ಹಳೆಯ ವಿಧಾನವನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿತು. 2004ರಲ್ಲಿ ಎದೆಯ ಎರಡೂ ಬದಿಯ ಶ್ವಾಸಕೋಶಗಳನ್ನು ನೋಡುವುದನ್ನೂ ಸೇರಿಸಿಕೊಂಡ ವಿಸ್ತೃತ ರೂಪಕ್ಕೆ ‘ಇ-ಫಾಸ್ಟ್’ ಎಂಬ ಹೆಸರು ಬಂತು.

ಸಾಮಾನ್ಯ ಸ್ಕ್ಯಾನಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ರೇಡಿಯಾಲಜಿ ವಿಭಾಗದಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡ ಮೊದಲಾದ ಅಂಗಗಳ ಗಾತ್ರ, ಆಕಾರ, ರಚನೆಗಳ ಬಗ್ಗೆ ವರದಿ ಬರುತ್ತದೆ. ಫಾಸ್ಟ್‌ಗೆ ಅಂಗಗಳ ಬಗ್ಗೆ ಅಂಥ ಕುತೂಹಲವಿಲ್ಲ. ಇರಬಾರದ ಜಾಗದಲ್ಲಿ ದ್ರವ ನಿಂತಿದೆಯೇ ಎಂಬುದೊಂದೇ ಅದರ ಪ್ರಶ್ನೆ. ವಿಸ್ತೃತ ರೂಪದಲ್ಲಿ, ಇರಬಾರದ ಜಾಗದಲ್ಲಿ ಗಾಳಿ ಸೇರಿದೆಯೇ ಎಂಬುದು ಜೊತೆಗೂಡುತ್ತದೆ. ಗಂಭೀರವಾಗಿ ಗಾಯಗೊಂಡವರಲ್ಲಿ ಹೊಸದಾಗಿ ಕಾಣುವ ದ್ರವವನ್ನು ರಕ್ತವೆಂದೇ ಭಾವಿಸಿ ವೈದ್ಯರು ಮುಂದುವರಿಯುತ್ತಾರೆ.

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳುವ ಮಿತಿಯನ್ನು, ಅಂದರೆ ಸೆಕೆಂಡಿಗೆ 20,000 ಕಂಪನಗಳನ್ನು, ಮೀರಿದ ಶಬ್ದ. ವೈದ್ಯಕೀಯ ಯಂತ್ರಗಳಲ್ಲಿ ಆ ಸಂಖ್ಯೆ ಹತ್ತಾರು ಲಕ್ಷಗಳಲ್ಲಿರುತ್ತದೆ. ಪ್ರೋಬ್‌ನಿಂದ ಹೊರಟ ಶಬ್ದ ಒಳಗಿನ ಪದರಗಳಿಗೆ ತಾಗಿ ಮರಳಿದಾಗ ಯಂತ್ರ ಅದನ್ನು ಬೂದು ಬಣ್ಣದ ಚಿತ್ರವಾಗಿಸುತ್ತದೆ. ಗಟ್ಟಿಯಾದ ಅಂಗ ಬೂದಾಗಿ ಕಾಣುತ್ತದೆ. ದ್ರವ ಶಬ್ದವನ್ನು ಹಿಂದಿರುಗಿಸದ ಕಾರಣ ಕಪ್ಪಾಗಿ ಕಾಣುತ್ತದೆ. ಮೂಳೆಯೂ ಗಾಳಿಯೂ ಶಬ್ದವನ್ನು ಮುಂದೆ ಬಿಡುವುದಿಲ್ಲ, ಆದ್ದರಿಂದ ಪಕ್ಕೆಲುಬಿನ ಹಿಂದೆ, ಗಾಳಿ ತುಂಬಿದ ಕರುಳಿನ ಹಿಂದೆ ಏನಿದೆ ಎಂಬುದು ಕಾಣಿಸದು.

ಇಲ್ಲಿ ಇನ್ನೊಂದು ಮಾತು ಮುಖ್ಯ. ಪ್ರೋಬ್ ತೋರಿಸುವುದು ದೇಹದ ಒಂದು ತೆಳು ಸೀಳನ್ನು ಮಾತ್ರ. ಕತ್ತಲ ಕೋಣೆಯೊಂದರ ಬಾಗಿಲಲ್ಲಿ ನಿಂತು, ಕೂದಲೆಳೆಯಷ್ಟು ಸಪೂರವಾದ ಬೆಳಕಿನ ಪಟ್ಟಿ ಚೆಲ್ಲುವ ಟಾರ್ಚಿನಿಂದ ನೆಲದ ಮೇಲೆ ನೀರು ಚೆಲ್ಲಿದೆಯೇ ಎಂದು ಹುಡುಕಿದಂತೆ ಇದು. ಟಾರ್ಚನ್ನು ಒಂದೇ ಕಡೆ ಹಿಡಿದು, ಅಲ್ಲಿ ನೆಲ ಒಣಗಿದೆ ಎಂದು ಕಂಡ ಮಾತ್ರಕ್ಕೆ ಕೋಣೆಯೆಲ್ಲ ಒಣಗಿದೆ ಎನ್ನಲಾಗದು. ಬೆಳಕನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಆಡಿಸಬೇಕು. ಒಂದು ಸುಂದರ ಚಿತ್ರ ಪರದೆಯ ಮೇಲೆ ಮೂಡಿದೊಡನೆ ಅದನ್ನು ನಿಲ್ಲಿಸಿ, ‘ಏನೂ ಇಲ್ಲ’ ಎಂದುಬಿಡುವುದು ಹೊಸಬರಲ್ಲಿ ಮತ್ತೆ ಮತ್ತೆ ಕಾಣುವ ದೋಷ.

ನಾಲ್ಕು ಜಾಗ, ನಾಲ್ಕು ಬಗೆಯ ತೊಡಕು

ಅಂಗಾತ ಮಲಗಿದವರ ಹೊಟ್ಟೆಯಲ್ಲಿ ಸೋರಿದ ರಕ್ತ ತಗ್ಗು ಜಾಗಗಳಿಗೆ ಇಳಿಯುತ್ತದೆ. ಆ ತಗ್ಗುಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಇರುವುದರಿಂದ ಫಾಸ್ಟ್‌ನಲ್ಲಿ ನೋಡುವ ಜಾಗಗಳೂ ನಿಗದಿಯಾಗಿವೆ.

ಮೊದಲನೆಯದು ಹೊಟ್ಟೆಯ ಬಲ ಮೇಲ್ಭಾಗ. ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಸಂದಿಗೆ ಬ್ರಿಟಿಷ್ ಶಸ್ತ್ರಚಿಕಿತ್ಸಕ ಜೇಮ್ಸ್ ರುದರ್‌ಫೋರ್ಡ್ ಮಾರಿಸನ್ ಅವರ ಹೆಸರಿದೆ. ಇದು ಎಲ್ಲಕ್ಕಿಂತ ಸುಲಭವಾಗಿ ಸಿಗುವ ಚಿತ್ರ, ಆದ್ದರಿಂದಲೇ ಮೋಸಗೊಳಿಸುವ ಚಿತ್ರವೂ ಹೌದು. ಎರಡು ಅಂಗಗಳ ನಡುವಿನ ಗೆರೆ ಶುಭ್ರವಾಗಿ ಕಂಡರೂ, ಅಲ್ಪ ಪ್ರಮಾಣದ ದ್ರವ ಯಕೃತ್ತಿನ ಕೆಳತುದಿಯ ಸುತ್ತ ಮೊದಲು ನಿಂತಿರಬಹುದು. ಪ್ರೋಬ್ ಅನ್ನು ಆ ತುದಿಯವರೆಗೆ ಜಾರಿಸದ ವೈದ್ಯರಿಗೆ ಅದು ಸಿಗುವುದಿಲ್ಲ.

ಎಡ ಮೇಲ್ಭಾಗ ಕಠಿಣ. ಇಲ್ಲಿ ಗುಲ್ಮ (ಸ್ಪ್ಲೀನ್) ಹಿಂದಕ್ಕೂ ಮೇಲಕ್ಕೂ ಇರುವುದರಿಂದ, ಪ್ರೋಬ್ ಹಿಡಿದ ಕೈಯ ಗೆಣ್ಣುಗಳು ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಬಲಗಡೆಯ ಅಭ್ಯಾಸದಿಂದ ಹೊಸಬರು ಗುಲ್ಮಕ್ಕೂ ಮೂತ್ರಪಿಂಡಕ್ಕೂ ನಡುವೆ ದ್ರವ ಹುಡುಕುತ್ತಾರೆ; ಈ ಬದಿಯಲ್ಲಿ ದ್ರವ ಹೆಚ್ಚಾಗಿ ಮೊದಲು ಸೇರುವುದು ಗುಲ್ಮಕ್ಕೂ ವಪೆಗೂ (ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ) ನಡುವೆ. ವಪೆ ಕಾಣಿಸದ ಎಡಭಾಗದ ಚಿತ್ರ ಅಪೂರ್ಣ ಚಿತ್ರ. ದ್ರವ ತುಂಬಿದ ಜಠರವನ್ನು ರಕ್ತವೆಂದು ತಪ್ಪು ತಿಳಿಯುವುದೂ ಇದೇ ಬದಿಯಲ್ಲಿ.

ಮೂರನೆಯದು ಕಿಬ್ಬೊಟ್ಟೆ. ಮೂತ್ರಕೋಶ ತುಂಬಿದ್ದರೆ ಅದೇ ಒಳ್ಳೆಯ ಕಿಟಕಿಯಾಗಿ ಅದರ ಹಿಂದಿನ ತಗ್ಗು ಸ್ಪಷ್ಟವಾಗುತ್ತದೆ, ಹಾಗಾಗಿ ಸಾಧ್ಯವಿದ್ದಲ್ಲಿ ಮೂತ್ರನಳಿಕೆ ಹಾಕುವ ಮೊದಲೇ ಇದನ್ನು ನೋಡಬೇಕು. ತುಂಬಿದ ಮೂತ್ರಕೋಶಕ್ಕೆ ಒಂದು ದುರ್ಗುಣವೂ ಇದೆ: ಅದರ ಹಿಂದಿನ ಜಾಗ ಪರದೆಯ ಮೇಲೆ ಅತಿಯಾಗಿ ಬೆಳ್ಳಗಾಗಿ, ತೆಳುವಾದ ಕಪ್ಪು ಪಟ್ಟಿ ಮುಚ್ಚಿಹೋಗುತ್ತದೆ. ‘ಗೇನ್’ ಎಂಬ ಗುಂಡಿಯಿಂದ ಹೊಳಪನ್ನು ಇಳಿಸಿ ನೋಡಬೇಕೆಂಬುದು ತಿಳಿದಿರಬೇಕು. ಗಂಡಸರಲ್ಲಿ ವೀರ್ಯಕೋಶಗಳನ್ನು ದ್ರವವೆಂದು ತಿಳಿಯುವ ಸಂಭವವಿದೆ. ಹೆಂಗಸರಲ್ಲಿ ಋತುಚಕ್ರಕ್ಕೆ ಸಂಬಂಧಿಸಿದ ಅಲ್ಪ ದ್ರವ ಸಹಜವಾಗಿಯೇ ಅಲ್ಲಿರಬಹುದು.

ನಾಲ್ಕನೆಯದು ಹೃದಯ. ಎದೆಮೂಳೆಯ ಕೆಳತುದಿಯಿಂದ ಮೇಲ್ಮುಖವಾಗಿ ನೋಡಿ, ಹೃದಯವನ್ನು ಸುತ್ತಿರುವ ಚೀಲದಲ್ಲಿ ರಕ್ತ ಸೇರಿದೆಯೇ ಎಂದು ಪರಿಶೀಲಿಸುತ್ತಾರೆ. ಅಲ್ಲಿ ಬೇಗ ಬೇಗ ಸೇರಿದ ಸ್ವಲ್ಪ ರಕ್ತವೂ ಹೃದಯವನ್ನು ಒತ್ತಿ, ಅದು ತುಂಬಿಕೊಳ್ಳದಂತೆ ಮಾಡಬಲ್ಲದು. ಹೃದಯದ ಮುಂದೆ ಇರುವ ಕೊಬ್ಬಿನ ಪದರ ಕಪ್ಪು ಪಟ್ಟಿಯಂತೆ ಕಂಡು ಇಲ್ಲದ ಗಾಬರಿ ಹುಟ್ಟಿಸುವುದುಂಟು.

ಇ-ಫಾಸ್ಟ್‌ನಲ್ಲಿ ಶ್ವಾಸಕೋಶ ನೋಡುವ ಬಗೆಯೇ ಬೇರೆ. ಉಸಿರಾಡುವಾಗ ಶ್ವಾಸಕೋಶದ ಹೊರಪೊರೆ ಎದೆಯ ಒಳಪೊರೆಗೆ ತಾಗಿಕೊಂಡು ಹಿಂದೆ ಮುಂದೆ ಜಾರುತ್ತದೆ. ನಡುವೆ ಗಾಳಿ ಸೇರಿದರೆ ಈ ಜಾರಾಟ ಪರದೆಯ ಮೇಲಿಂದ ಮಾಯವಾಗುತ್ತದೆ. ಆದರೆ ಉಸಿರಾಟದ ನಳಿಕೆ ಒಂದೇ ಶ್ವಾಸಕೋಶಕ್ಕೆ ಇಳಿದಿದ್ದರೂ, ಹಳೆಯ ಕಾಯಿಲೆಯಿಂದ ಪೊರೆಗಳು ಅಂಟಿಕೊಂಡಿದ್ದರೂ ಜಾರಾಟ ಕಾಣುವುದಿಲ್ಲ. ಜಾರಾಟ ಇದ್ದರೆ ಆ ಜಾಗದಲ್ಲಿ ಗಾಳಿ ಸೇರಿಲ್ಲ ಎಂದು ಹೇಳಬಹುದು; ಇಲ್ಲದಿದ್ದರೆ ಗಾಳಿಯೇ ಸೇರಿದೆ ಎಂದು ಅಷ್ಟೇ ಖಚಿತವಾಗಿ ಹೇಳಲಾಗದು. ಗುರುತು ಹಿಡಿಯುವುದನ್ನು ಕಲಿತರೆ ಸಾಲದು, ಗುರುತಿನ ಅರ್ಥ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಪರೀಕ್ಷೆಯ ಮಿತಿ ಬೇರೆ, ವೈದ್ಯರ ತಪ್ಪು ಬೇರೆ

ನುರಿತ ಕೈಯಲ್ಲೂ ಫಾಸ್ಟ್ ಎಲ್ಲವನ್ನೂ ಹಿಡಿಯುವುದಿಲ್ಲ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೂರು ರೋಗಿಗಳ ಹೊಟ್ಟೆಗೆ ತಪಾಸಣೆಯ ಭಾಗವಾಗಿ ದ್ರವವನ್ನು ಹಾಯಿಸುತ್ತಿರುವಾಗಲೇ, ಎಷ್ಟು ಹಾಯಿಸಿದ್ದಾರೆಂದು ತಿಳಿಸದೆ ವೈದ್ಯರಿಗೆ ಬಲ ಮೇಲ್ಭಾಗವನ್ನು ನೋಡಲು ಹೇಳಲಾಗಿತ್ತು. ಅವರಿಗೆ ದ್ರವ ಕಾಣತೊಡಗಿದ್ದು ಸರಾಸರಿ 619 ಮಿಲಿಲೀಟರ್ ಸೇರಿದ ಮೇಲೆ; 400 ಮಿಲಿಲೀಟರಿಗಿಂತ ಕಡಿಮೆ ಇದ್ದಾಗಲೇ ಕಂಡುಹಿಡಿದವರು ಶೇಕಡಾ 10 ಮಾತ್ರ. ಅಂದರೆ ಅಪಘಾತವಾದ ಸ್ವಲ್ಪ ಹೊತ್ತಿಗೇ ಮಾಡಿದ ಸ್ಕ್ಯಾನ್ ‘ನಾರ್ಮಲ್’ ಎಂದು ಬಂದು, ಅರ್ಧ ಗಂಟೆಯ ನಂತರದ ಸ್ಕ್ಯಾನಿನಲ್ಲಿ ರಕ್ತ ಕಂಡರೆ, ಮೊದಲ ಸಲ ನೋಡಿದವರು ತಪ್ಪು ಮಾಡಿದರು ಎಂದು ಹೇಳಲು ಬರುವುದಿಲ್ಲ.

2018ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮಗ್ರ ವಿಮರ್ಶೆ, ಮೊಂಡು ಪೆಟ್ಟು ಬಿದ್ದವರಲ್ಲಿ ಈ ಬಗೆಯ ಅಲ್ಟ್ರಾಸೌಂಡ್ ಎದೆ ಮತ್ತು ಹೊಟ್ಟೆಯ ಗಾಯವಿರುವ 100 ಮಂದಿಯಲ್ಲಿ ಸುಮಾರು 74 ಮಂದಿಯನ್ನು ಗುರುತಿಸುತ್ತದೆ, ಗಾಯವಿಲ್ಲದ 100 ಮಂದಿಯಲ್ಲಿ ಸುಮಾರು 96 ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ ಎಂದು ಲೆಕ್ಕ ಹಾಕಿತು. ‘ಇದೆ’ ಎಂದಾಗ ನಂಬಬಹುದು, ‘ಇಲ್ಲ’ ಎಂದಾಗ ಎಚ್ಚರಿಕೆಯಿಂದಿರಬೇಕು ಎಂಬುದು ಇದರ ಇಂಗಿತ. ಮಕ್ಕಳ ಹೊಟ್ಟೆಯ ಗಾಯಗಳಲ್ಲಿ ಗುರುತಿಸುವ ಪ್ರಮಾಣ ಇನ್ನೂ ಕಡಿಮೆ, ಸುಮಾರು 63.

ಹೊಟ್ಟೆಯ ಪೊರೆಯ ಹಿಂದಿನ ಜಾಗದಲ್ಲಿ ಆಗುವ ರಕ್ತಸ್ರಾವ, ಕರುಳು ಹರಿದಿರುವುದು, ರಕ್ತ ಸೋರದ ಅಂಗಗಾಯ ಇವೆಲ್ಲ ಈ ಪರೀಕ್ಷೆಯ ಕಣ್ಣಿಗೆ ಬೀಳದಿರಬಹುದು. ಆದ್ದರಿಂದ ವೈದ್ಯರ ಉತ್ತರವನ್ನು ಸಿ.ಟಿ. ಸ್ಕ್ಯಾನಿನ ಉತ್ತರದ ಜೊತೆ ಹೋಲಿಸಿ, ತಾಳೆಯಾದರೆ ಸಮರ್ಥರು, ಆಗದಿದ್ದರೆ ಅಸಮರ್ಥರು ಎಂದು ವಿಂಗಡಿಸುವುದು ನ್ಯಾಯವಲ್ಲ. ಅದು ನೋಡುವವರನ್ನೂ ಉಪಕರಣವನ್ನೂ ಒಂದೇ ತಕ್ಕಡಿಗೆ ಹಾಕಿಬಿಡುತ್ತದೆ.

ಸರಳ ತಾಳೆ ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ. ಒಂದು ವಿಭಾಗಕ್ಕೆ ಬಂದ 100 ಗಾಯಾಳುಗಳಲ್ಲಿ 90 ಮಂದಿಯ ಹೊಟ್ಟೆಯಲ್ಲಿ ರಕ್ತವಿಲ್ಲ ಎಂದು ಭಾವಿಸೋಣ. ಪ್ರೋಬ್ ಅನ್ನು ಹೇಗೆ ಹಿಡಿಯಬೇಕೆಂದೇ ತಿಳಿಯದ ಒಬ್ಬರು ಎಲ್ಲರಿಗೂ ‘ರಕ್ತವಿಲ್ಲ’ ಎಂದು ಬರೆದರೂ ಅವರ ಉತ್ತರ 100ಕ್ಕೆ 90 ಸಲ ಸರಿಯಾಗುತ್ತದೆ. ಶೇಕಡಾ 90ರಷ್ಟು ನಿಖರತೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅಪಾಯದಲ್ಲಿದ್ದ ಹತ್ತೂ ಮಂದಿ ಕೈತಪ್ಪಿದ್ದು ಆ ಅಂಕಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಸರಿಯುತ್ತರಗಳ ಒಟ್ಟು ಶೇಕಡಾವಾರನ್ನು ಮಾತ್ರ ಮುಂದಿಡುವ ಯಾವ ಮೌಲ್ಯಮಾಪನವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ.

ಎಣಿಕೆಯ ಲೆಕ್ಕ

ಬಹುಕಾಲ ಚಾಲ್ತಿಯಲ್ಲಿದ್ದ ಕ್ರಮ ಸರಳವಾಗಿತ್ತು: ಇಷ್ಟು ಗಂಟೆ ತರಗತಿ, ಮೇಲ್ವಿಚಾರಣೆಯಲ್ಲಿ ಇಷ್ಟು ಸ್ಕ್ಯಾನ್, ಅಲ್ಲಿಗೆ ಪ್ರಮಾಣಪತ್ರ. ಅಮೆರಿಕದ ತುರ್ತು ವೈದ್ಯರ ಕಾಲೇಜಿನ ಮಾರ್ಗಸೂಚಿ ಪ್ರತಿಯೊಂದು ಬಗೆಯ ತುರ್ತು ಅಲ್ಟ್ರಾಸೌಂಡಿಗೂ 25ರಿಂದ 50 ಗುಣಮಟ್ಟ ಪರಿಶೀಲಿತ ಸ್ಕ್ಯಾನ್‌ಗಳನ್ನು ಮಾನದಂಡವಾಗಿ ಇಟ್ಟಿತು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೇಡಿಯಾಲಜಿಸ್ಟ್ ಅಲ್ಲದ ವೈದ್ಯರ ತಪ್ಪಿನ ಪ್ರಮಾಣ ಆರಂಭದಲ್ಲಿ ಶೇಕಡಾ 17ರಷ್ಟಿದ್ದು, ಹತ್ತು ಸ್ಕ್ಯಾನ್‌ಗಳ ನಂತರ ಶೇಕಡಾ 5ಕ್ಕೆ ಇಳಿಯಿತು. ಮೊದಲ ಕೆಲವು ಸ್ಕ್ಯಾನ್‌ಗಳಲ್ಲೇ ಕೈ ಬಹಳಷ್ಟು ಪಳಗುತ್ತದೆ ಎಂಬುದಕ್ಕೆ ಇದು ಆಧಾರ.

ಎಣಿಕೆಗೆ ಅನುಕೂಲವಿದೆ: ದಾಖಲೆ ಸುಲಭ, ವಿವಾದ ಕಡಿಮೆ. ಕೊರತೆಯೂ ಅಷ್ಟೇ ಸ್ಪಷ್ಟ. ಒಬ್ಬರು ಹದಿನೈದು ಸ್ಕ್ಯಾನ್‌ಗಳಲ್ಲಿ ಕಲಿಯುವುದನ್ನು ಇನ್ನೊಬ್ಬರು ಅರವತ್ತರಲ್ಲಿ ಕಲಿಯಬಹುದು. ಮಾಡಿದ ಐವತ್ತರಲ್ಲಿ ಒಂದರಲ್ಲೂ ರಕ್ತ ಕಾಣದಿದ್ದರೆ, ಆ ವೈದ್ಯರು ಸಹಜ ಚಿತ್ರವನ್ನು ಐವತ್ತು ಸಲ ನೋಡಿದ್ದಾರೆ ಎಂದಷ್ಟೇ ಅರ್ಥ. ಯಾರೂ ತಿದ್ದದೆ ಮಾಡಿದ ಸ್ಕ್ಯಾನ್‌ಗಳಂತೂ ತಪ್ಪು ಅಭ್ಯಾಸವನ್ನೇ ಗಟ್ಟಿ ಮಾಡುವ ಅಪಾಯವಿದೆ. ಎಣಿಕೆ ಅನುಭವಕ್ಕೆ ಸಾಕ್ಷಿಯಾಗಬಲ್ಲದು; ಸಾಮರ್ಥ್ಯಕ್ಕೆ ಬೇರೆ ಸಾಕ್ಷಿ ಬೇಕು.

ನೋಡಿ ಅಂಕ ಕೊಡುವ ಕ್ರಮ

ವೈದ್ಯಕೀಯ ಶಿಕ್ಷಣದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಮಂಡಿಸಿದ ನಾಲ್ಕು ಮೆಟ್ಟಿಲುಗಳ ಗೋಪುರ ಇಂದಿಗೂ ಬಳಕೆಯಲ್ಲಿದೆ. ತಳದಲ್ಲಿ ವಿಷಯ ಗೊತ್ತಿರುವುದು, ಅದರ ಮೇಲೆ ಹೇಗೆ ಬಳಸಬೇಕೆಂದು ಗೊತ್ತಿರುವುದು, ಮೂರನೆಯದು ಮಾಡಿ ತೋರಿಸುವುದು, ತುದಿಯಲ್ಲಿ ನಿಜವಾದ ಕೆಲಸದಲ್ಲಿ ಅದನ್ನು ಮಾಡುವುದು. ಬಹು ಆಯ್ಕೆಯ ಪ್ರಶ್ನೆಪತ್ರಿಕೆಯಿಂದ ಕೆಳಗಿನ ಎರಡು ಮೆಟ್ಟಿಲುಗಳನ್ನು ಅಳೆಯಬಹುದು: ದ್ರವ ಏಕೆ ಕಪ್ಪು, ಈ ಚಿತ್ರದಲ್ಲಿ ಏನು ಕಾಣುತ್ತದೆ ಎಂಬಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ಆದರೆ ಬೇರೊಬ್ಬರು ತೆಗೆದಿಟ್ಟ ಚಿತ್ರವನ್ನು ಓದುವುದಕ್ಕೂ, ನೋವಿನಿಂದ ಹೊರಳಾಡುತ್ತಿರುವ ಗಾಯಾಳುವಿನ ಪಕ್ಕೆಲುಬುಗಳ ಸಂದಿಯಿಂದ ಆ ಚಿತ್ರವನ್ನು ತಾವೇ ಹುಡುಕಿ ತೆಗೆಯುವುದಕ್ಕೂ ಅಜಗಜಾಂತರ. ಮೇಲಿನ ಎರಡು ಮೆಟ್ಟಿಲುಗಳಿಗೆ ಯಾರಾದರೂ ಪಕ್ಕದಲ್ಲಿ ನಿಂತು, ಅಥವಾ ವಿಡಿಯೊ ನೋಡಿ, ಅಂಕ ಕೊಡಬೇಕು.

ಅಂಕ ಕೊಡುವ ಪಟ್ಟಿಗಳು ಎರಡು ಬಗೆ. ಒಂದು, ಹೌದು–ಇಲ್ಲ ಎಂದು ಗುರುತು ಹಾಕುವ ಹಂತಗಳ ಪಟ್ಟಿ: ವಪೆಯನ್ನು ತೋರಿಸಿದರೇ, ಯಕೃತ್ತಿನ ಕೆಳತುದಿಯವರೆಗೆ ಹೋದರೇ, ಮೂತ್ರಕೋಶವನ್ನು ಅಡ್ಡಲಾಗಿಯೂ ಉದ್ದವಾಗಿಯೂ ನೋಡಿದರೇ. ಇನ್ನೊಂದು, ಒಟ್ಟು ನಿರ್ವಹಣೆಯನ್ನು ಅಳೆಯುವ ಶ್ರೇಣಿ: ಕೈಯ ಚಲನೆ ಸರಾಗವಾಗಿದೆಯೇ, ಚಿತ್ರ ಸರಿಯಿಲ್ಲದಾಗ ಕಾರಣ ಹುಡುಕಿ ತಿದ್ದಿಕೊಂಡರೇ, ಸಮಯ ಹೇಗೆ ಬಳಸಿದರು. ಹಂತಗಳ ಪಟ್ಟಿ ಹೊಸಬರಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಯಾವುದು ಬಿಟ್ಟುಹೋಯಿತು ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ಆದರೆ ಪಟ್ಟಿಯ ಎಲ್ಲ ಹಂತಗಳನ್ನೂ ಯಾಂತ್ರಿಕವಾಗಿ ಮುಗಿಸಿ, ಪರದೆಯ ಮೇಲಿರುವುದನ್ನು ಮಾತ್ರ ಗಮನಿಸದವರೂ ಅಲ್ಲಿ ಪೂರ್ಣಾಂಕ ಪಡೆಯಬಹುದು. ನುರಿತವರು ಕೆಲವು ಹಂತಗಳನ್ನು ಒಂದರೊಳಗೊಂದು ಸೇರಿಸಿ ಮುಗಿಸಿ, ಕಡಿಮೆ ಅಂಕ ಪಡೆಯುವುದೂ ಉಂಟು. ಎರಡನ್ನೂ ಜೊತೆಗಿಡುವುದು ಈ ಕಾರಣಕ್ಕೆ. ಫಾಸ್ಟ್‌ಗಾಗಿಯೇ ರೂಪಿಸಿ 2015ರಲ್ಲಿ ಪ್ರಕಟಿಸಿದ ‘ಕ್ವಿಕ್’ ಎಂಬ ಅಂಕಪಟ್ಟಿಯಲ್ಲಿ ಹಂತಗಳ ಪಟ್ಟಿಯೂ ಒಟ್ಟು ನಿರ್ವಹಣೆಯ ಶ್ರೇಣಿಯೂ ಇವೆ.

ಯಾವುದೇ ಬಗೆಯ ಅಲ್ಟ್ರಾಸೌಂಡಿಗೆ ಹೊಂದುವಂತೆ, ಹಲವು ದೇಶಗಳ ಹಲವು ಶಾಖೆಗಳ ತಜ್ಞರ ಒಮ್ಮತದಿಂದ 2013ರಲ್ಲಿ ರೂಪುಗೊಂಡ ಇನ್ನೊಂದು ಸಾಧನವನ್ನು ‘ಒಸಾಸ್’ ಎಂದು ಕರೆಯುತ್ತಾರೆ. ಅದರಲ್ಲಿ ಏಳು ಅಂಶಗಳಿವೆ: ಈ ರೋಗಿಗೆ ಈ ಸ್ಕ್ಯಾನ್ ಏಕೆ ಬೇಕೆಂಬ ತಿಳಿವು, ಯಂತ್ರದ ಪರಿಚಯ, ಚಿತ್ರವನ್ನು ಹದಗೊಳಿಸುವ ಬಗೆ, ಕ್ರಮಬದ್ಧ ಪರಿಶೀಲನೆ, ಚಿತ್ರದ ಅರ್ಥೈಸುವಿಕೆ, ದಾಖಲಾತಿ, ಚಿಕಿತ್ಸೆಯ ತೀರ್ಮಾನ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಈ ಏಳರಲ್ಲಿ ಕೈಚಳಕಕ್ಕೆ ಸಂಬಂಧಿಸಿದವು ಕೆಲವೇ ಎಂಬುದನ್ನು ಓದುಗರು ಗಮನಿಸಬಹುದು. ಸ್ಕ್ಯಾನ್ ಆರಂಭವಾಗುವ ಮೊದಲಿನ ಯೋಚನೆಯೂ, ಮುಗಿದ ಮೇಲಿನ ತೀರ್ಮಾನವೂ ಸಾಮರ್ಥ್ಯದ ಭಾಗವೆಂದೇ ಅಲ್ಲಿ ಪರಿಗಣಿತವಾಗಿವೆ.

ತೀರ್ಮಾನದ ಭಾಗವನ್ನು ಒಂದು ಸನ್ನಿವೇಶದಿಂದ ನೋಡೋಣ. ರಕ್ತದೊತ್ತಡ ಕುಸಿಯುತ್ತಿರುವ ಗಾಯಾಳುವಿನ ಹೊಟ್ಟೆಯಲ್ಲಿ ದ್ರವ ಕಂಡರೆ ಶಸ್ತ್ರಚಿಕಿತ್ಸಕರನ್ನು ಕೂಡಲೇ ಕರೆಯಬೇಕು. ಉಳಿದ ಜಾಗಗಳ ಚಿತ್ರಗಳನ್ನು ಚೆಂದಗೊಳಿಸುತ್ತ ಕಾಲ ಕಳೆಯುವ ವೈದ್ಯರು ಚಿತ್ರದಲ್ಲಿ ಗೆದ್ದು ಉದ್ದೇಶದಲ್ಲಿ ಸೋಲುತ್ತಾರೆ. ಅದೇ ಗಾಯಾಳುವಿನ ಸ್ಕ್ಯಾನಿನಲ್ಲಿ ದ್ರವ ಕಾಣದಿದ್ದರೆ, ರಕ್ತ ಬೇರೆಲ್ಲೋ ಸೋರುತ್ತಿದೆ ಎಂದು ಹುಡುಕಬೇಕೇ ಹೊರತು ನಿರಾಳವಾಗುವಂತಿಲ್ಲ. ದೇಹ ದಪ್ಪಗಿದ್ದು, ಅಥವಾ ಚರ್ಮದಡಿ ಗಾಳಿ ಸೇರಿ, ಏನೂ ಸರಿಯಾಗಿ ಕಾಣದಿದ್ದರೆ ಸರಿಯುತ್ತರ ‘ಇದೆ’ಯೂ ಅಲ್ಲ, ‘ಇಲ್ಲ’ವೂ ಅಲ್ಲ, ‘ಹೇಳಲಾಗದು’. ಈ ಮೂರನೆಯ ಉತ್ತರವನ್ನು ಕೊಡುವ ಧೈರ್ಯ ವೈದ್ಯರಿಗಿದೆಯೇ ಎಂದು ಪರೀಕ್ಷಿಸುವುದು, ನನ್ನ ದೃಷ್ಟಿಯಲ್ಲಿ, ಒಳ್ಳೆಯ ಮೌಲ್ಯಮಾಪನದ ಮುಖ್ಯ ಲಕ್ಷಣ. ಎರಡೇ ಆಯ್ಕೆ ಕೊಡುವ ಪರೀಕ್ಷೆಯಲ್ಲಿ ಅದಕ್ಕೆ ಅವಕಾಶವೇ ಇರುವುದಿಲ್ಲ.

ಯಾರ ಮೇಲೆ ಪರೀಕ್ಷಿಸುವುದು?

ಜೀವ ಉಳಿಸುವ ಗಡಿಬಿಡಿಯ ನಡುವೆ ಪರೀಕ್ಷೆ ನಡೆಸುವುದು ಕಷ್ಟ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಗಾಯಾಳು ಸಿಗುವುದರಿಂದ ಹೋಲಿಕೆಯೂ ಸಮವಾಗುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರ ಮೇಲೆ ಚಿತ್ರ ತೆಗೆಯುವ ಕೌಶಲವನ್ನು ನೋಡಬಹುದು, ಆದರೆ ಅವರ ಹೊಟ್ಟೆಯಲ್ಲಿ ದ್ರವವಿರುವುದಿಲ್ಲ. ಮೂತ್ರಪಿಂಡ ವೈಫಲ್ಯಕ್ಕಾಗಿ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಹೊಟ್ಟೆಯಲ್ಲಿ ಚಿಕಿತ್ಸೆಯ ದ್ರವ ಇರುತ್ತದೆಯಾದ್ದರಿಂದ, ಅವರ ಒಪ್ಪಿಗೆ ಪಡೆದು ತರಬೇತಿಯಲ್ಲಿ ನೆರವು ಕೋರುವ ಪದ್ಧತಿ ಇದೆ. ಉಳಿದ ಕೊರತೆಯನ್ನು ಸಿಮ್ಯುಲೇಟರ್ ತುಂಬುತ್ತದೆ: ಮನುಷ್ಯಾಕೃತಿಯ ಬೊಂಬೆಯ ಮೇಲೆ ಪ್ರೋಬ್ ಆಡಿಸಿದಂತೆ ಪರದೆಯಲ್ಲಿ ಅದಕ್ಕೆ ತಕ್ಕ ಚಿತ್ರ ಮೂಡುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ರೋಗಿ, ಒಂದೇ ಪ್ರಮಾಣದ ರಕ್ತ, ಯಾರಿಗೂ ನೋವಿಲ್ಲ. ಕೈ ಎಷ್ಟು ದೂರ ಚಲಿಸಿತು, ಎಷ್ಟು ಸಲ ಅಲೆದಾಡಿತು ಎಂಬುದನ್ನೂ ಕೆಲವು ಉಪಕರಣಗಳು ಅಳೆಯುತ್ತವೆ. ಪಳಗಿದ ಕೈ ಸಾಮಾನ್ಯವಾಗಿ ಕಡಿಮೆ ಚಲನೆಯಲ್ಲೇ ಗುರಿ ಮುಟ್ಟುತ್ತದೆ. ಆದರೂ ಬೊಂಬೆ ನರಳುವುದಿಲ್ಲ, ಸುತ್ತ ಜನ ಕೂಗಾಡುವುದಿಲ್ಲ. ಮಿಲ್ಲರ್ ಗೋಪುರದ ಮೂರನೆಯ ಮೆಟ್ಟಿಲಿನವರೆಗೆ ಮಾತ್ರ ಅದರ ವ್ಯಾಪ್ತಿ.

ಉತ್ತೀರ್ಣದ ಗೆರೆ ಮತ್ತು ಪರೀಕ್ಷಕರು

ಅಂಕ ಕೊಟ್ಟಾಯಿತು, ಎಷ್ಟು ಬಂದರೆ ಸಾಕು? ಶಾಲೆಯ ಪರೀಕ್ಷೆಯಂತೆ 35 ಅಥವಾ 50 ಎಂದು ಮನಸ್ಸಿಗೆ ತೋಚಿದ ಗೆರೆ ಎಳೆಯಲಾಗದು. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ಒಂದೇ ಪರೀಕ್ಷೆಯನ್ನು ಹೊಸಬರ ಗುಂಪಿಗೂ ಅನುಭವಿಗಳ ಗುಂಪಿಗೂ ಕೊಡುತ್ತಾರೆ. ಎರಡೂ ಗುಂಪುಗಳ ಅಂಕಗಳ ಹರವನ್ನು ರೇಖಾಚಿತ್ರವಾಗಿ ಬರೆದಾಗ ಅವು ಒಂದನ್ನೊಂದು ದಾಟುವ ಬಿಂದುವೇ ಉತ್ತೀರ್ಣದ ಗೆರೆ. ಆಮೇಲೆ ಆ ಗೆರೆಯ ಪರಿಣಾಮವನ್ನೂ ನೋಡಬೇಕು: ಎಷ್ಟು ಹೊಸಬರು ದಾಟಿಬಿಟ್ಟರು, ಎಷ್ಟು ಅನುಭವಿಗಳು ಕೆಳಗೇ ಉಳಿದರು. ಎರಡು ಗುಂಪುಗಳ ಅಂಕಗಳು ಹೆಚ್ಚು ಕಡಿಮೆ ಒಂದೇ ಆಗಿದ್ದರೆ ದೋಷ ಅಭ್ಯರ್ಥಿಗಳದ್ದಲ್ಲ; ಆ ಪರೀಕ್ಷೆ ಸಾಮರ್ಥ್ಯವನ್ನು ಅಳೆಯುತ್ತಿಲ್ಲ ಎಂದೇ ತಿಳಿಯಬೇಕು.

ಪರೀಕ್ಷಕರಲ್ಲೂ ವ್ಯತ್ಯಾಸವಿರುತ್ತದೆ. ಒಬ್ಬರು ಕಟ್ಟುನಿಟ್ಟು, ಇನ್ನೊಬ್ಬರು ಧಾರಾಳಿ. ತಮ್ಮ ಶಿಷ್ಯರ ಮೇಲೆ ಒಲವು ಎಲ್ಲರಿಗೂ ಇರುವಂಥದ್ದು. ಅದೇ ವಿಡಿಯೊವನ್ನು ಇಬ್ಬರು ಪರೀಕ್ಷಕರಿಗೆ, ಯಾರ ಕೈ ಎಂದು ತಿಳಿಸದೆ ತೋರಿಸಿ, ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಇಬ್ಬರೂ ಕಣ್ಣುಮುಚ್ಚಿ ಅಂಕ ಕೊಟ್ಟರೂ ಕೆಲವು ಕಡೆ ಕಾಕತಾಳೀಯವಾಗಿ ಹೊಂದಿಕೆಯಾಗುತ್ತದೆಯಷ್ಟೆ. ಆ ಪಾಲನ್ನು ಕಳೆದು ನಿಜವಾದ ಒಮ್ಮತವನ್ನು ತೋರಿಸುವ ‘ಕಪ್ಪಾ’ ಎಂಬ ಅಳತೆ 1960ರಿಂದ ಬಳಕೆಯಲ್ಲಿದೆ. ಒಮ್ಮತ ಕಡಿಮೆಯಿದ್ದರೆ ಅಂಕಪಟ್ಟಿಯ ಮಾತುಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಬೇಕು, ಇಲ್ಲವೇ ಪರೀಕ್ಷಕರಿಗೇ ತರಬೇತಿ ಕೊಡಬೇಕು.

ಪ್ರಮಾಣಪತ್ರದ ನಂತರ

ಗೋಪುರದ ತುದಿಯ ಮೆಟ್ಟಿಲನ್ನು, ಅಂದರೆ ಯಾರೂ ನೋಡದಿರುವಾಗ ವೈದ್ಯರು ಹೇಗೆ ಮಾಡುತ್ತಾರೆ ಎಂಬುದನ್ನು, ಒಂದು ದಿನದ ಪರೀಕ್ಷೆಯಲ್ಲಿ ಹಿಡಿಯಲಾಗದು. ಅದಕ್ಕೆ ಇರುವ ಮುಖ್ಯ ದಾರಿ ಪ್ರತಿಯೊಂದು ಸ್ಕ್ಯಾನಿನ ಚಿತ್ರ ಮತ್ತು ವಿಡಿಯೊ ತುಣುಕುಗಳನ್ನು ಉಳಿಸಿಡುವುದು, ಅನುಭವಿಯೊಬ್ಬರು ಅವುಗಳನ್ನು ಆಗಾಗ ಪರಿಶೀಲಿಸುವುದು. ಚಿತ್ರದ ಗುಣಮಟ್ಟಕ್ಕೆ 1ರಿಂದ 5ರವರೆಗಿನ ಶ್ರೇಣಿಯೊಂದು ಇದೆ: 1 ಎಂದರೆ ಏನನ್ನೂ ಗುರುತಿಸಲಾಗದು, 3 ಎಂದರೆ ರೋಗನಿರ್ಣಯಕ್ಕೆ ಬೇಕಾದ ಕನಿಷ್ಠ ಮಟ್ಟ ಮುಟ್ಟಿದೆ. ಇದರೊಡನೆ ಗಾಯಾಳುವಿನ ಸಿ.ಟಿ. ವರದಿಯೋ ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದೋ ವೈದ್ಯರಿಗೆ ಮರಳಿ ತಿಳಿಯಬೇಕು. ಹಿಂದೆ ಹೇಳಿದ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ: ತಾಳೆಯಾಗದಿದ್ದಾಗ ಉಳಿಸಿಟ್ಟ ವಿಡಿಯೊವನ್ನು ತೆರೆದು, ದ್ರವ ಪರದೆಯ ಮೇಲಿದ್ದರೂ ಕಾಣದೇ ಹೋಯಿತೇ, ಪ್ರೋಬ್ ಆ ಜಾಗಕ್ಕೆ ಹೋಗಲೇ ಇಲ್ಲವೇ, ಅಥವಾ ಆ ಹೊತ್ತಿಗೆ ದ್ರವವೇ ಇರಲಿಲ್ಲವೇ ಎಂದು ಬೇರ್ಪಡಿಸಬೇಕು. ಮೊದಲನೆಯದಕ್ಕೆ ಚಿತ್ರ ಓದುವ ಅಭ್ಯಾಸ ಬೇಕು, ಎರಡನೆಯದಕ್ಕೆ ಕೈಯ ಅಭ್ಯಾಸ. ಮೂರನೆಯದಕ್ಕೆ ಗಾಯಾಳುವಿನ ಸ್ಥಿತಿ ಬದಲಾದಂತೆ ಸ್ಕ್ಯಾನ್ ಅನ್ನು ಮತ್ತೆ ಮಾಡುವ ರೂಢಿ ಬೇಕು.

ಕಲಿತ ಕೌಶಲ ಬಳಸದಿದ್ದರೆ ಮಸುಕಾಗುತ್ತದೆ. ಗಂಭೀರ ಗಾಯಾಳುಗಳು ಅಪರೂಪಕ್ಕೆ ಬರುವ ಕಡೆ ಕೆಲಸ ಮಾಡುವವರಿಗೆ ಹೃದಯದ ಸುತ್ತ ರಕ್ತ ಸೇರಿದ ಚಿತ್ರ ವರ್ಷಗಟ್ಟಲೆ ಕಣ್ಣಿಗೆ ಬೀಳದಿರಬಹುದು. ಅಂಥವರಿಗೆ ನಿಯತಕಾಲಿಕ ಮರುಮೌಲ್ಯಮಾಪನವೂ, ಅಪರೂಪದ ಚಿತ್ರಗಳಿಗೆ ಸಿಮ್ಯುಲೇಟರಿನ ಅಭ್ಯಾಸವೂ ಹೆಚ್ಚು ಅಗತ್ಯ. ಎಷ್ಟೋ ತುರ್ತು ವಿಭಾಗಗಳಲ್ಲಿ ಪ್ರೋಬ್ ಇರುತ್ತದೆ, ಚಿತ್ರ ಉಳಿಸುವ ವ್ಯವಸ್ಥೆ ಇರುವುದಿಲ್ಲ. ಸ್ಕ್ಯಾನ್ ಮುಗಿದೊಡನೆ ಪರದೆ ಅಳಿಸಿಹೋಗಿ, ‘ಫಾಸ್ಟ್ ನೆಗೆಟಿವ್’ ಎಂಬ ಎರಡು ಪದ ಮಾತ್ರ ಕೇಸ್ ಶೀಟಿನಲ್ಲಿ ಉಳಿಯುತ್ತದೆ. ಆ ಎರಡು ಪದಗಳಿಂದ ಎಡಭಾಗದ ವಪೆ ಕಂಡಿತ್ತೇ ಇಲ್ಲವೇ ಎಂಬುದನ್ನು ಯಾವ ಪರಿಣತರೂ ಹೇಳಲಾರರು. ಆದ್ದರಿಂದ ವೈದ್ಯರ ಸಾಮರ್ಥ್ಯವನ್ನು ಅಳೆಯಲು ಹೊರಡುವ ವಿಭಾಗ ಅಂಕಪಟ್ಟಿಯನ್ನು ಆರಿಸುವುದಕ್ಕೂ ಮೊದಲು ಯಂತ್ರದಲ್ಲಿ ಚಿತ್ರ ಉಳಿಸುವ ಏರ್ಪಾಡನ್ನು ಮಾಡಿಕೊಳ್ಳಬೇಕಾಗುತ್ತದೆ.